ನಮ್ಮ ಊಟಕ್ಕೆ ವರ್ಷದಲ್ಲಿ ಒಂದೇ ತಿಂಗಳೇ?

ಕನ್ನಡ ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಒಂದು ಬಗೆಯ ಬರಹ ಎಂದೂ ಹಳತಾಗುವುದಿಲ್ಲ. 'ನನ್ನ ಮೆಚ್ಚಿನ ತಿಂಡಿಗಳು', 'ಮರೆಯಲಾಗದ ಹೋಟೆಲುಗಳು', 'ರುಚಿಯ ಜಾಡು ಹಿಡಿದು' ಎಂದೆಲ್ಲ ತಲೆಬರಹ ಹೊತ್ತು ಅವು ಬರುತ್ತಲೇ ಇರುತ್ತವೆ. ಬರೆಯುವವರು ಬೇರೆ ಬೇರೆ, ಪಟ್ಟಿ ಮಾತ್ರ ಒಂದೇ. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆ, ಲಾಲ್‌ಬಾಗ್ ಬಳಿಯ ಎಂ.ಟಿ.ಆರ್.ನ ರವೆ ಇಡ್ಲಿ, ಮದ್ದೂರಿನ ವಡೆ, ದಾವಣಗೆರೆಯ ಬೆಣ್ಣೆ ದೋಸೆ, ಧಾರವಾಡದ ಪೇಡ, ಉಡುಪಿಯ ಗೋಳಿಬಜೆ, ಕೊನೆಗೆ ಒಂದು ಲೋಟ ಫಿಲ್ಟರ್ ಕಾಫಿ. ಅಲ್ಲಿಗೆ ಕರ್ನಾಟಕದ ನಾಲಿಗೆ ಪ್ರವಾಸ ಮುಗಿಸಿ ಮನೆಗೆ ಬಂದಂತೆ.

ಈ ಪಟ್ಟಿಯ ಯಾವ ತಿಂಡಿಯ ಮೇಲೂ ನಮಗೆ ಜಗಳವಿಲ್ಲ. ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಅಲ್ಲಿ ಬಾಗಿಲ ಬಳಿ ಅರ್ಧ ಗಂಟೆ ಕಾದು, ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವವರನ್ನು ಬೆರಗಿನಿಂದ ನೋಡಿ, ಹೊರಗೆ ಗರಿಗರಿ ಒಳಗೆ ಮೆತ್ತಗೆ ಇರುವ ಆ ದೋಸೆಯನ್ನು ನಾವೂ ಎಷ್ಟೋ ಸಲ ತಿಂದಿದ್ದೇವೆ. ಗೋಳಿಬಜೆಯ ವಿಷಯಕ್ಕೆ ಬಂದರೆ ಅದು ನಮ್ಮ ಕರಾವಳಿಯ ಮಳೆಗಾಲದ ಸಂಜೆಯೇ ಸರಿ. ಹುಳಿ ಮೊಸರಿನಲ್ಲಿ ಮೈದಾ ಕಲಸಿ, ಶುಂಠಿ, ಹಸಿಮೆಣಸು, ಕರಿಬೇವು ಹಾಕಿ, ಒದ್ದೆ ಬೆರಳಿಂದ ಎಣ್ಣೆಗೆ ಬಿಟ್ಟ ಆ ಉಂಡೆ ತಾನಾಗಿಯೇ ಮಗುಚಿಕೊಳ್ಳುವುದನ್ನು ನೋಡುತ್ತ ನಿಲ್ಲುವುದೇ ಒಂದು ಸುಖ. ಅದಕ್ಕೆ ಯಾವ ಜಾತಿಯೂ ಇಲ್ಲ ಎಂದು ನಾವು ಚಿಕ್ಕಂದಿನಿಂದ ನಂಬಿದವರು.

ನಮ್ಮ ತಕರಾರು ಪಟ್ಟಿಯಲ್ಲಿ ಇರುವುದರ ಬಗ್ಗೆ ಅಲ್ಲ, ಇಲ್ಲದಿರುವುದರ ಬಗ್ಗೆ. ಗಾಂಧಿಬಜಾರಿನಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆದರೆ ನಮ್ಮ ತಿಂಡಿಪ್ರಿಯರ ಲೇಖನಿ ಆ ದಾರಿಯನ್ನು ಸವೆಸಿದ್ದು ಕಡಿಮೆ. ಮಂಗಳೂರಿಗೆ ಹೋದವರು ಬಂದರಿನ ಗಲ್ಲಿಗೆ ಇಳಿಯುವುದಿಲ್ಲ. ಕಲಬುರಗಿಗೆ ಹೋದವರು ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಮೆಚ್ಚಿ, ಅದೇ ಊರಿನ ತಹರಿಯ ಹೆಸರನ್ನೂ ಕೇಳದೆ ರೈಲು ಹತ್ತುತ್ತಾರೆ. ಭಟ್ಕಳವಂತೂ ಇವರ ಪಾಲಿಗೆ ಅಪರಾಧ ಸುದ್ದಿಯ ಪುಟದಲ್ಲಿ ಮಾತ್ರ ಬರುವ ಊರು. ಅಲ್ಲೂ ಜನ ಒಲೆ ಹೊತ್ತಿಸುತ್ತಾರೆ, ಮಕ್ಕಳಿಗೆ ತಿಂಡಿ ಮಾಡಿ ಕೊಡುತ್ತಾರೆ ಎಂಬುದು ಪುರವಣಿಯ ಸಂಪಾದಕರಿಗೆ ಹೊಳೆದಂತಿಲ್ಲ.

ಇದಕ್ಕೆ ಒಂದು ಅಪವಾದವಿದೆ, ರಂಜಾನ್ ತಿಂಗಳು. ಒಮ್ಮೆ ಒಂದು ಪುರವಣಿಯವರು (ಹೆಸರು ಬೇಡ) ಮೆಚ್ಚಿನ ತಿಂಡಿ, ಮೆಚ್ಚಿನ ಹೋಟೆಲು ಕುರಿತು ಬರೆದು ಕೊಡಿ ಎಂದು ನಮ್ಮನ್ನು ಕೇಳಿದರು. ನಾವು ಖುಷಿಯಿಂದ ಬರೆದೆವು. ಬೆಳಗಿನ ಪಾಯಾ, ಸಂಜೆಯ ಖೀಮಾ ಸಮೋಸ, ಕರಾವಳಿಯ ಪತ್ತಿರ್, ಜೊತೆಗೆ ಗೋಳಿಬಜೆ, ಮಸಾಲೆ ದೋಸೆ ಎಲ್ಲವೂ ಅದರಲ್ಲಿದ್ದವು. ನಮ್ಮ ನಾಲಿಗೆಯಲ್ಲಿ ಅವೆಲ್ಲ ಒಟ್ಟಿಗೇ ಇರುವುದರಿಂದ ಬೇರೆ ಬೇರೆ ಮಾಡುವುದು ಗೊತ್ತಾಗಲಿಲ್ಲ. ಉತ್ತರ ಬಂತು. ಬರಹ ಬಹಳ ಚೆನ್ನಾಗಿದೆ, ರಂಜಾನ್ ವಿಶೇಷಕ್ಕೆ ಇಟ್ಟುಕೊಳ್ಳುತ್ತೇವೆ, ದೋಸೆಯ ಭಾಗ ಮಾತ್ರ ತೆಗೆಯಬೇಕಾಗುತ್ತದೆ ಎಂದು. ಸಿಟ್ಟು ಬರುವಂಥ ಒಂದು ಮಾತೂ ಅದರಲ್ಲಿರಲಿಲ್ಲ. ಬಹಳ ಸಭ್ಯವಾದ, ಸ್ನೇಹದ ಪತ್ರ. ಅದರ ಅರ್ಥ ಮಾತ್ರ ಇಷ್ಟೆ: ದೋಸೆ ಮೆಚ್ಚುವ ಹಕ್ಕು ನಿಮ್ಮದಲ್ಲ, ಪಾಯಾ ಮೆಚ್ಚಲು ನಿಮಗೆ ವರ್ಷದಲ್ಲಿ ಒಂದು ತಿಂಗಳಿದೆ.

ರಂಜಾನ್ ಬಂತೆಂದರೆ ಕ್ಯಾಮೆರಾಗಳು ಬರುತ್ತವೆ. ಫ್ರೇಜರ್ ಟೌನಿನ ಮಸೀದಿ ರಸ್ತೆ, ಹಲೀಮಿನ ಹಂಡೆ, ಕಬಾಬಿನ ಹೊಗೆ, ಟೋಪಿ ಹಾಕಿದ ಹುಡುಗ ನಗುವ ಚಿತ್ರ. 'ಭಾವೈಕ್ಯದ ಘಮ' ಎಂಬ ಶೀರ್ಷಿಕೆ. ಬಂದವರು ತಿನ್ನಲಿ, ಸಂತೋಷ. ಆದರೆ ಉಳಿದ ಹನ್ನೊಂದು ತಿಂಗಳು ನಾವು ಗಾಳಿ ಕುಡಿದು ಬದುಕುತ್ತೇವೆಯೇ? ಹಬ್ಬದ ಊಟವನ್ನಷ್ಟೇ ನೋಡುವವನು ಒಂದು ಜನಸಮುದಾಯವನ್ನು ನೆರೆಯವರೆಂದು ನೋಡುವುದಿಲ್ಲ, ಜಾತ್ರೆಯ ತಮಾಷೆಯಂತೆ ನೋಡುತ್ತಾನೆ. ನೆರೆಯವರ ಬೆಳಗಿನ ತಿಂಡಿ ಏನೆಂದು ಗೊತ್ತಿದ್ದರೆ ಮಾತ್ರ ಅವರು ನೆರೆಯವರು.

ಆ ಬೆಳಗಿನ ತಿಂಡಿಯ ಮಾತನ್ನೇ ಆಡೋಣ. ಶಿವಾಜಿನಗರದಲ್ಲಿ ಇಡ್ಲಿಗೆ ಸಾಂಬಾರು ಮಾತ್ರವಲ್ಲ, ಪಾಯಾ ಕೂಡ ಜೊತೆಯಾಗುತ್ತದೆ. ಕುರಿಯ ಕಾಲುಗಳನ್ನು ಸುಟ್ಟು, ಕೆರೆದು, ತೊಳೆದು, ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿದ ಸಾರು ಅದು. ಬೆಳಗಿನ ಹೊತ್ತಿಗೆ ಮೂಳೆಯ ಸತ್ವವೆಲ್ಲ ಇಳಿದು ಬೆರಳಿಗೆ ಅಂಟುವಷ್ಟು ಗಟ್ಟಿಯಾಗಿರುತ್ತದೆ. ಅದರಲ್ಲಿ ಇಡ್ಲಿ ಮುರಿದು ನೆನೆಸಿ ತಿಂದವರಿಗೆ ಇಡ್ಲಿ ಯಾವ ಜಾತಿ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಅದೇ ಬೀದಿಯಲ್ಲಿ ದೋಸೆಯ ಒಳಗೆ ಆಲೂಗಡ್ಡೆ ಪಲ್ಯದ ಬದಲು ಖೀಮಾ ಹರಡಿ ಮಡಚಿ ಕೊಡುವವರಿದ್ದಾರೆ. ಇದನ್ನು ತಿನ್ನುವವರು ಯಾರೆಂದುಕೊಂಡಿರಿ? ರಸೆಲ್ ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಮೂಟೆ ಇಳಿಸಿದವರು, ರಾತ್ರಿ ಪಾಳಿ ಮುಗಿಸಿದ ಆಟೋದವರು, ಬಸ್ಸಿನ ಕಂಡಕ್ಟರುಗಳು, ಪೌರಕಾರ್ಮಿಕರು. ಎಲ್ಲ ಧರ್ಮದವರೂ ಅಲ್ಲಿದ್ದಾರೆ. ಕಾಲಿನ ಸಾರು ಹಬ್ಬದ ಅಡುಗೆಯಲ್ಲ, ದುಡಿಯುವವರ ಹೊಟ್ಟೆ ಹಿಡಿಯುವ ಊಟ.

ಕರಾವಳಿಯ ಬ್ಯಾರಿಗಳ ಮನೆಯ ಪತ್ತಿರ್ ಅಂದರೆ ಅಕ್ಕಿ ಹಿಟ್ಟಿನ ತೆಳುವಾದ ರೊಟ್ಟಿ. ಹಿಟ್ಟನ್ನು ಬಿಸಿನೀರಿನಲ್ಲಿ ಹದವಾಗಿ ನಾದದಿದ್ದರೆ ಅಂಚು ಒಡೆಯುತ್ತದೆ. ಹದವಾದರೆ ಕೆಂಡಸಂಪಿಗೆಯ ಎಸಳಿನಷ್ಟು ಮೆತ್ತಗೆ. ಮೀನಿನ ಸಾರಿಗೂ ಸರಿ, ಕೋಳಿಗೂ ಸರಿ, ಏನೂ ಇಲ್ಲದ ದಿನ ತೆಂಗಿನಹಾಲು ಬೆಲ್ಲಕ್ಕೂ ಸರಿ. ಪಿಂಡಿ ಎಂಬುದು ಇನ್ನೊಂದು. ಅಕ್ಕಿ ಹಿಟ್ಟಿನ ಗೋಲಿಯಷ್ಟು ಸಣ್ಣ ಉಂಡೆಗಳನ್ನು ಕಟ್ಟಿ ಬೇಯಿಸಿ ಮಾಂಸದ ಮಸಾಲೆಗೆ ಹಾಕುತ್ತಾರೆ. ಒಂದು ಮನೆಯ ಮದುವೆಗೆ ಮುನ್ನ ಹತ್ತು ಹೆಂಗಸರು ಸುತ್ತ ಕುಳಿತು ಸಾವಿರಾರು ಉಂಡೆ ಕಟ್ಟುತ್ತ ಊರಿನ ಸುದ್ದಿಯನ್ನೆಲ್ಲ ಮುಗಿಸುವುದನ್ನು ನೋಡಿದ್ದೇವೆ. ಭಟ್ಕಳದ ನವಾಯತರು ಅಕ್ಕಿಯ ಬದಲು ಶಾವಿಗೆಯಲ್ಲಿ ಬಿರಿಯಾನಿ ಮಾಡುತ್ತಾರೆ. ಮೊದಲ ಸಲ ತಟ್ಟೆಗೆ ಬಂದಾಗ ಇದು ಉಪ್ಪಿಟ್ಟಿನ ಜಾತಿಯೇ ಎಂದು ಅನುಮಾನಪಟ್ಟು ಎರಡನೆಯ ತುತ್ತಿಗೆ ಬಾಯಿ ಮುಚ್ಚಿ ತಿಂದವರು ನಾವು. ಕಲಬುರಗಿಯ ತಹರಿಯನ್ನು ಬಿರಿಯಾನಿ ಎಂದು ಕರೆದರೆ ಆ ಊರಿನವರಿಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಅಕ್ಕಿ, ಮಾಂಸ, ಮಸಾಲೆ ಒಂದೇ ಪಾತ್ರೆಯಲ್ಲಿ ಬೆಂದ, ಬಡವನ ಕೈಗೂ ಎಟುಕುವ ಅನ್ನ ಅದು. ಬಿರಿಯಾನಿಯ ಠೀವಿ ಅದಕ್ಕಿಲ್ಲ, ಬೇಕಾಗಿಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಂದೇ ಬರುತ್ತದೆ. 'ರುಚಿ ಅವರವರ ಇಷ್ಟ. ಸಸ್ಯಾಹಾರಿಯೊಬ್ಬ ತನ್ನ ಮೆಚ್ಚಿನ ತಿಂಡಿ ಬರೆದರೆ ಅದರಲ್ಲಿ ಪಾಯಾ ಎಲ್ಲಿಂದ ಬರಬೇಕು?' ಸರಿಯಾದ ಪ್ರಶ್ನೆ. ಒಬ್ಬನ ಪಟ್ಟಿಯಾದರೆ ನಾವು ಒಪ್ಪುತ್ತೇವೆ. ಆದರೆ ನೂರು ಜನರ ಪಟ್ಟಿಯೂ ಒಂದೇ ಆಗಿದ್ದರೆ, ಅದಕ್ಕೆ 'ಕರ್ನಾಟಕದ ರುಚಿ' ಎಂದು ಹೆಸರಿಟ್ಟರೆ, ಅದು ಇಷ್ಟದ ಮಾತಲ್ಲ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ 2014ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ಈ 79ರಲ್ಲಿ ಮುಸ್ಲಿಮರು ಎಷ್ಟಿದ್ದಾರು? ಉಳಿದವರು ಒಕ್ಕಲಿಗರು, ಕುರುಬರು, ದಲಿತರು, ಬಂಟರು, ಬಿಲ್ಲವರು, ಮೊಗವೀರರು, ನಾಯಕರು, ಕ್ರೈಸ್ತರು, ಕೊಡವರು. ಇವರೆಲ್ಲರ ನಾಲಿಗೆಯನ್ನು ಬದಿಗಿಟ್ಟು ನೂರಕ್ಕೆ 21 ಮಂದಿಯ ತಟ್ಟೆಯನ್ನು ನಾಡಿನ ತಟ್ಟೆ ಎಂದು ಕರೆಯುವ ಧೈರ್ಯ ಎಲ್ಲಿಂದ ಬಂತು?

ಅದು 'ಶುದ್ಧ' ಎಂಬ ಒಂದು ಪದದಿಂದ ಬಂತು. 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡು ಇಲ್ಲದ ಪೇಟೆ ಕರ್ನಾಟಕದಲ್ಲಿಲ್ಲ. ಸಸ್ಯಾಹಾರಿ ಎಂದರೆ ಸಾಕಿತ್ತು, ಒಳಗೆ ಏನು ಸಿಗುತ್ತದೆಂದು ಗೊತ್ತಾಗುತ್ತಿತ್ತು. ಅದರ ಹಿಂದೆ ಶುದ್ಧ ಎಂದು ಅಂಟಿಸಿದ ಕೂಡಲೇ ಎದುರು ಹೋಟೆಲು ತಾನೇ ತಾನಾಗಿ ಅಶುದ್ಧವಾಯಿತು. ಜೀವದಯೆಯಿಂದ ಮಾಂಸ ಬಿಟ್ಟವರನ್ನು ನಾವು ಗೌರವಿಸುತ್ತೇವೆ. ಜೈನರ ಸಂಯಮದ ಮುಂದೆ ತಲೆ ಬಾಗುತ್ತೇವೆ. ಆದರೆ ಬೋರ್ಡಿನ ಮೇಲಿನ 'ಶುದ್ಧ'ದಲ್ಲಿ ದಯೆಯಿಲ್ಲ, ಮಡಿ ಇದೆ.

ಈ ಮಡಿಗೆ ಇತಿಹಾಸವಿದೆ. ಇಂದು ಎಂ.ಟಿ.ಆರ್. ಎಂದು ಎಲ್ಲರೂ ಪ್ರೀತಿಯಿಂದ ಕರೆಯುವ ಹೋಟೆಲು 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಇಂಥ ಹೆಸರು ಅಪರೂಪವೇನಲ್ಲ. ಅಡುಗೆ ಯಾರು ಮಾಡಿದರು ಎಂಬುದೇ ಅಂದಿನ ಗಿರಾಕಿಗೆ ಮುಖ್ಯವಾಗಿತ್ತು. ಮದರಾಸಿನಲ್ಲಿ ಒಂದು ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಸಲು ಪೆರಿಯಾರ್ 1957ರಲ್ಲಿ ತಿಂಗಳುಗಟ್ಟಲೆ ಚಳವಳಿ ನಡೆಸಬೇಕಾಯಿತು. ಅಷ್ಟರಲ್ಲಿ ಸಂವಿಧಾನ ಬಂದು ಏಳು ವರ್ಷವಾಗಿತ್ತು. ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಧರ್ಮ, ಜಾತಿಗಳ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದು 15ನೇ ವಿಧಿ ಹೇಳುತ್ತದೆ. ಸಂವಿಧಾನದಲ್ಲಿ ಹೋಟೆಲಿನ ಮಾತು ಏಕೆ ಬಂತು ಎಂದು ಯೋಚಿಸಿದ್ದೀರಾ? ತಡೆಯುತ್ತಿದ್ದರು, ಅದಕ್ಕೇ ಬಂತು. ನ್ಯಾಯವಾಗಿ ಹೇಳಬೇಕೆಂದರೆ, ಉಡುಪಿ ಹೋಟೆಲುಗಳೇ ನಿಧಾನವಾಗಿ ಈ ಗೋಡೆಯನ್ನು ಕೆಡವಿದವು ಕೂಡ. ಕಾಸು ಕೊಟ್ಟ ಯಾರು ಬೇಕಾದರೂ ಪಕ್ಕಪಕ್ಕ ಕುಳಿತು ತಿನ್ನುವ ಮೇಜನ್ನು ಸಣ್ಣ ಪೇಟೆಗಳಿಗೂ ಒಯ್ದವು. ಈ ಸಾಧನೆಯನ್ನು ಮೆಚ್ಚಿ ಬರೆದವರನ್ನು ನಾವು ಹೆಚ್ಚು ಕಂಡಿಲ್ಲ. ಬರೆಯುವುದೆಲ್ಲ ಚಟ್ನಿಯ ಬಗ್ಗೆ.

ಹಳೆಯ ಮಡಿ ಸತ್ತಿತು ಎಂದುಕೊಂಡರೆ ಅದು ಹೊಸ ಅಂಗಿ ತೊಟ್ಟು ಬರುತ್ತದೆ. ಮನೆಮನೆಗೆ ಊಟ ತಲುಪಿಸುವ ಜೊಮ್ಯಾಟೊ 2024ರ ಮಾರ್ಚಿನಲ್ಲಿ 'ಶುದ್ಧ ಸಸ್ಯಾಹಾರಿ' ಗಿರಾಕಿಗಳಿಗಾಗಿ ಬೇರೆಯೇ ಹುಡುಗರ ಪಡೆ, ಅವರಿಗೆ ಹಸಿರು ಅಂಗಿ ಎಂದು ಘೋಷಿಸಿತು. ಟೀಕೆಗೆ ಬೆದರಿ ಮರುದಿನವೇ ಹಸಿರು ಅಂಗಿಯನ್ನು ಕೈಬಿಟ್ಟಿತು. ಊಟ ಮುಚ್ಚಿದ ಡಬ್ಬಿಯಲ್ಲಿದೆ, ಡಬ್ಬಿ ಚೀಲದಲ್ಲಿದೆ, ಚೀಲ ಸ್ಕೂಟರಿನ ಮೇಲಿದೆ. ಆದರೂ ಪಕ್ಕದ ಡಬ್ಬಿಯ ಮೈಲಿಗೆ ತಾಗುತ್ತದೆಂದರೆ ಇದು ನಾಲಿಗೆಯ ವಿಷಯವೇ?

ನಮ್ಮ ತಿಂಡಿಪ್ರಿಯ ಲೇಖಕರು ಇತಿಹಾಸಪ್ರಿಯರೂ ಹೌದು. ಇಡ್ಲಿಯ ಪ್ರಾಚೀನತೆ ಹೇಳುವಾಗ ವಡ್ಡಾರಾಧನೆಯ 'ಇಡ್ಡಲಿಗೆ'ಯನ್ನು ಉಲ್ಲೇಖಿಸುತ್ತಾರೆ. ಬಳಿಕ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸಕ್ಕೆ ಬಂದು ಅಲ್ಲಿನ 'ಇಡರಿಕಾ' ತೋರಿಸುತ್ತಾರೆ. ಬಹಳ ಸರಿ. ಆದರೆ ಅದೇ ಗ್ರಂಥದ ಅದೇ ಅನ್ನಭೋಗದ ಭಾಗದಲ್ಲಿ ಮಾಂಸವನ್ನು ಹೇಗೆ ತುಂಡರಿಸಬೇಕು, ಸರಳಿಗೆ ಚುಚ್ಚಿ ಕೆಂಡದ ಮೇಲೆ ಹೇಗೆ ಸುಡಬೇಕು, ಯಾವ ಮಸಾಲೆ ಸವರಬೇಕು ಎಂಬ ವಿವರಗಳಿವೆ. ಹೊಲದ ಇಲಿಯನ್ನು ಸುಡುವ ವಿಧಾನವೂ ಇದೆ! ಅರಮನೆಯ ಊಟ ಅದು. ಇಡರಿಕೆಯ ಸಾಲನ್ನು ಕಂಡ ಕಣ್ಣಿಗೆ ಕೆಂಡದ ಮೇಲಿನ ಮಾಂಸ ಹೇಗೆ ಕಾಣದೆ ಹೋಯಿತು? ಕಬಾಬನ್ನು ತುರ್ಕರು ತಂದರು ಎಂದು ಹೀಗಳೆಯುವವರಿಗೆ ಆ ಪುಟವನ್ನೊಮ್ಮೆ ಓದಿಸಬೇಕು.

ತಂದದ್ದು ಇಲ್ಲವೆಂದಲ್ಲ. ಮುಸ್ಲಿಮರು ಬಹಳಷ್ಟನ್ನು ತಂದರು, ಎಲ್ಲರೂ ತಿಂದರು, ತಂದವರ ಹೆಸರನ್ನು ಮರೆತರು. ಸಮೋಸ ಪರ್ಷಿಯಾ ಕಡೆಯಿಂದ ಬಂತು. 14ನೇ ಶತಮಾನದಲ್ಲಿ ದೆಹಲಿಯ ಸುಲ್ತಾನನ ಆಸ್ಥಾನದಲ್ಲಿ ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ ತುಂಬಿದ ಸಮೋಸ ಬಡಿಸಿದ್ದನ್ನು ಇಬ್ನ್ ಬತೂತ ಬರೆದಿದ್ದಾನೆ. ಹಲ್ವ ಅರಬಿ ಪದ. ಗುಲಾಬ್ ಜಾಮೂನಿನ ಗುಲಾಬ್ ಫಾರಸಿ. ಬಾದುಷಾ ಎಂದರೆ ದೊರೆ. ಜಹಾಂಗೀರ್ ಯಾರೆಂದು ಹೇಳಬೇಕಾಗಿಲ್ಲ, ನಮ್ಮ ಮದುವೆ ಮನೆಗಳಲ್ಲಿ ಅವನನ್ನು ಸಕ್ಕರೆ ಪಾಕದಲ್ಲಿ ಅದ್ದಿ ಎಲೆಯ ತುದಿಗೆ ಬಡಿಸುತ್ತಾರೆ. ಮಸಾಲೆ ದೋಸೆಯ ಒಳಗಿನ ಆಲೂಗಡ್ಡೆಯೂ ಕೆಂಪು ಚಟ್ನಿಯ ಮೆಣಸಿನಕಾಯಿಯೂ ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದವು. ಇನ್ನು ಪಟ್ಟಿಯ ಕೊನೆಯಲ್ಲಿ ಬರುವ ಆ ಫಿಲ್ಟರ್ ಕಾಫಿ. ಹಜ್‌ನಿಂದ ಮರಳುವಾಗ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟವರು ಸೂಫಿ ಸಂತ ಬಾಬಾ ಬುಡನ್ ಎಂದು ಈ ನಾಡಿನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಕಾಫಿ ಮಂಡಳಿಯೂ ಇದೇ ಕಥೆಯನ್ನು ಹೇಳುತ್ತದೆ. ಬೆಂಗಳೂರಿನ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಎಂಬ ಪ್ರಸಿದ್ಧ ಹೋಟೆಲಿದೆ. ಆ ಹೆಸರಿನ ಮೊದಲ ಪದವನ್ನೂ ಎರಡನೆಯ ಪದವನ್ನೂ ಒಟ್ಟಿಗೆ ಓದಿದಾಗಲೆಲ್ಲ ಬಾಬಾ ಬುಡನ್ ಎಲ್ಲೋ ಕುಳಿತು ನಗುತ್ತಿರಬೇಕು ಎನಿಸುತ್ತದೆ. ಅವರ ಗಿರಿಯ ಮೇಲೆ ಪ್ರತಿ ಡಿಸೆಂಬರಿನಲ್ಲಿ ನಡೆಯುವುದನ್ನು ನೋಡಿದರೆ ಮಾತ್ರ ನಗು ಬರಲಾರದು.

ನಾವೂ ಎಲ್ಲವನ್ನೂ ತಿನ್ನುವವರಲ್ಲ. ಹಂದಿ ನಮಗೆ ನಿಷಿದ್ಧ, ಮದ್ಯ ನಿಷಿದ್ಧ. ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಗೌಡರು ಕಡುಬಿನ ಜೊತೆ ಹಂದಿಮಾಂಸ ತಿನ್ನುವುದನ್ನು ಓದಿದ್ದೇವೆ. ಓದುವಾಗ ನಮಗೆ ಹಸಿವಾಗಲಿಲ್ಲ, ಆದರೆ ಆ ಪುಟ ಹರಿದು ಹಾಕಬೇಕೆಂದೂ ಅನಿಸಲಿಲ್ಲ. ಆ ಮನೆಯ ಸಂಭ್ರಮ ನಮಗೆ ಅರ್ಥವಾಯಿತು. ತಾನು ತಿನ್ನದ್ದನ್ನು ಇನ್ನೊಬ್ಬ ತಿಂದು ಸಂತೋಷಪಟ್ಟರೆ ಅದನ್ನು ಓದಿ ಸಂತೋಷಪಡುವುದಕ್ಕೇ ಸಾಹಿತ್ಯ ಎನ್ನುತ್ತಾರೆ ಎಂದು ನಾವು ತಿಳಿದಿದ್ದೆವು.

ಸಾಹಿತ್ಯದ ಮನೆಯೇ ಹೀಗಿದ್ದರೆ ಏನು ಹೇಳುವುದು? 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲಿ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಎಂದು ಬರೆದಿದ್ದರು. ಮಂಡ್ಯದಲ್ಲಿ! ಮುದ್ದೆ ಬಾಡಿನ ನಾಡಿನಲ್ಲಿ! ಅಲ್ಲಿನವರು ಸುಮ್ಮನಿರಲಿಲ್ಲ. 'ಬಾಡೇ ನಮ್ಮ ಗಾಡು' ಎಂದು ಕೂಗಿದರು, ಸಮ್ಮೇಳನದಲ್ಲಿ ಬಾಡೂಟ ಬೇಕು ಎಂದು ಪಟ್ಟು ಹಿಡಿದರು, ಕೊನೆಯ ದಿನ ತಾವೇ ತಂದು ಹಂಚಲು ಮುಂದಾದರು. ಕೆಲವರು ಇದನ್ನು ತಮಾಷೆ ಎಂದು ನಕ್ಕರು. ನಮಗೆ ಅದು ತಮಾಷೆಯಾಗಿ ಕಾಣಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು, 2021ರ ಡಿಸೆಂಬರಿನಲ್ಲಿ, ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಹಲವು ಮಠಾಧೀಶರು ವಿರೋಧಿಸಿದ್ದರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಸವಾಲು ಹಾಕಿದ್ದಳು. ಆಹಾರದ ಬಗ್ಗೆ ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಕೇಳಿಬಂದ ಅತ್ಯುತ್ತಮ ವಿಮರ್ಶೆ ಅದೇ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನಾಯಿತು, ಅಷ್ಟಕ್ಕೆ ಇಷ್ಟು ಬರೆಯಬೇಕೇ ಎನ್ನಬಹುದು. 2022ರ ಮಾರ್ಚ್, ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿ. ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಬೆಳಗಿನ ಜಾವವೇ ಮಾಂಸದಂಗಡಿಗಳ ಮುಂದೆ ಸಾಲು. ಆ ಅಂಗಡಿಗಳಲ್ಲಿ ಮುಸ್ಲಿಮರವು ಎಷ್ಟೋ ಇವೆ. ಗಿರಾಕಿಯ ಅಜ್ಜನೂ ಕಟುಕನ ಅಜ್ಜನೂ ಪರಿಚಿತರು. ಆ ವರ್ಷ ಹೊಸತೊಡಕಿಗೆ ಹಲಾಲ್ ಮಾಂಸ ಬಹಿಷ್ಕರಿಸಿ ಎಂದು ಕರೆ ಕೊಟ್ಟರು. ಭದ್ರಾವತಿಯಲ್ಲಿ ಕೋಳಿ ಮಾರುವವನ ಮೇಲೆ ಹಲ್ಲೆಯಾಯಿತು. ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂದಾಯಿತು, ಅದು ಊರಿಂದೂರಿಗೆ ಹಬ್ಬಿತು. ಮಾಂಸದ ಮೇಲಿನ ಸಿಟ್ಟು ಇದು ಎಂದು ಯಾರಾದರೂ ನಂಬಿದ್ದರೆ, ಏಪ್ರಿಲ್ ತಿಂಗಳಲ್ಲಿ ಧಾರವಾಡದ ಬಳಿಯ ನುಗ್ಗಿಕೇರಿ ಹನುಮಂತನ ಗುಡಿಯ ಆವರಣದಲ್ಲಿ ನಡೆದದ್ದನ್ನು ನೋಡಬೇಕು. ಕಲ್ಲಂಗಡಿ ಹಣ್ಣು ಮಾರುತ್ತಿದ್ದ ಮುಸ್ಲಿಂ ವೃದ್ಧರೊಬ್ಬರ ಹಣ್ಣುಗಳನ್ನೆಲ್ಲ ನೆಲಕ್ಕೆ ಒಡೆದು ಚೆಲ್ಲಿದರು. ಕಲ್ಲಂಗಡಿಯಲ್ಲಿ ಯಾವ ಮಾಂಸವಿತ್ತು? ಅದಕ್ಕಿಂತ ಶುದ್ಧ ಸಸ್ಯಾಹಾರ ಬೇರೆ ಯಾವುದಿದೆ? 2024ರ ಜುಲೈಯಲ್ಲಿ ಉತ್ತರ ಪ್ರದೇಶದಲ್ಲಿ ಕಾಂವಡ್ ಯಾತ್ರೆಯ ದಾರಿಯ ಹೋಟೆಲು, ಗಾಡಿಗಳ ಮೇಲೆ ಮಾಲೀಕರ ಹೆಸರು ಬರೆಯಬೇಕೆಂದು ಆಜ್ಞೆಯಾದಾಗಲೂ ಇದೇ ಕಥೆ. ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. ಯಾವ ಆಹಾರ ಎಂದು ಬರೆಯಿರಿ, ಯಾರ ಹೆಸರು ಎಂದು ಬರೆಯಬೇಕಿಲ್ಲ ಎಂದಿತು.

ಪುರವಣಿಯ ಲೇಖಕರು ಹಣ್ಣು ಒಡೆದವರೆಂದು ನಾವು ಹೇಳುತ್ತಿಲ್ಲ. ಅವರಲ್ಲಿ ಹೆಚ್ಚಿನವರು ಆ ದಿನ ನಮ್ಮಷ್ಟೇ ನೊಂದುಕೊಂಡಿದ್ದಾರು. ಆದರೆ ಮುಸ್ಲಿಮನ ಕೈಯ ತಿಂಡಿ ಎಂಬುದು ದಿನನಿತ್ಯದ, ಬೇಸರ ಬರುವಷ್ಟು ಮಾಮೂಲಿ ಸಂಗತಿ ಎಂದು ಎಪ್ಪತ್ತು ವರ್ಷ ಬರೆದುಕೊಂಡು ಬಂದಿದ್ದರೆ 'ಅವರು ಉಗುಳಿ ಕೊಡುತ್ತಾರೆ' ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಇಷ್ಟು ಸಲೀಸಾಗಿ ಓಡುತ್ತಿತ್ತೇ? ಮಿರ್ಚಿ ಮಂಡಕ್ಕಿಯನ್ನು ಮೆಚ್ಚದ ತಿಂಡಿಪ್ರಿಯನಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ, ಹೊಗೆಯ ನಡುವೆ ಮಂಡಕ್ಕಿ ಹುರಿಯುವ ಬಹಳಷ್ಟು ಕುಟುಂಬಗಳು ಮುಸ್ಲಿಮರವು. ಮಿರ್ಚಿಯ ಖಾರದ ಬಗ್ಗೆ ಎರಡು ಪ್ಯಾರಾ ಬರೆಯುವವರು ಈ ಒಂದು ಸಾಲು ಸೇರಿಸಿದ್ದನ್ನು ನಾವು ಓದಿಲ್ಲ.

ಇನ್ನು ನಮ್ಮವರಿಗೂ ಎರಡು ಮಾತು ಹೇಳದೆ ಬಿಡುವುದು ಸರಿಯಲ್ಲ. ಕರಾವಳಿಯ ಹೆದ್ದಾರಿಯುದ್ದಕ್ಕೂ ಈಗ ಮಂದಿ, ಅಲ್ ಫಹಮ್, ಶವರ್ಮ. ಬೋರ್ಡು ಅರಬಿ, ಕುಳಿತುಕೊಳ್ಳಲು ಅರಬಿ ಮಜಲಿಸ್, ಗೋಡೆಯ ಮೇಲೆ ಒಂಟೆಯ ಚಿತ್ರ. ಗಲ್ಫ್‌ನಲ್ಲಿ ದುಡಿದು ಬಂದವರ ನಾಲಿಗೆಗೆ ಅದು ಹಿಡಿಸಿದ್ದರೆ ತಪ್ಪೇನಿಲ್ಲ. ಆದರೆ ಪಿಂಡಿ ಸಿಗುವ ಒಂದು ಹೋಟೆಲು ಹುಡುಕಿ ಕೊಡಿ, ನೋಡೋಣ. ಪತ್ತಿರ್ ಕೇಳಿದರೆ ಪೊರೋಟ ತಂದಿಡುತ್ತಾರೆ. ನಮ್ಮ ಊಟ ಕನ್ನಡದ ಪಟ್ಟಿಯಲ್ಲಿಲ್ಲ ಎಂದು ಕೂಗುವ ನಾವು ನಮ್ಮ ಮೆನುವಿನಲ್ಲೇ ಅದಕ್ಕೆ ಜಾಗ ಕೊಡದಿದ್ದರೆ ಯಾರನ್ನು ಬೈಯುವುದು? ಪಿಂಡಿ ಕಟ್ಟಲು ಹೆಂಗಸರ ಹತ್ತು ಕೈ ಬೇಕು, ಅದಕ್ಕೆ ಕೂಲಿ ಕೊಡಬೇಕು. ಮನೆಯಲ್ಲಾದರೆ ಪುಕ್ಕಟೆ. ಹೋಟೆಲಿನ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಆ ಹತ್ತು ಕೈಯವರಿಗೆ ನಮ್ಮ ಹಳೆಯ ಹೋಟೆಲುಗಳಲ್ಲಿ ಕುಳಿತು ಒಂದು ಚಹಾ ಕುಡಿಯಲು ಜಾಗವೂ ಇಲ್ಲ. ಇದ್ದರೆ ಒಳಗಿನ ಒಂದು ಮೂಲೆ, ಪರದೆ ಎಳೆದ 'ಫ್ಯಾಮಿಲಿ ರೂಮು'. ಒಂಟಿ ಹೆಂಗಸೊಬ್ಬಳು ಬೆಳಿಗ್ಗೆ ಏಳಕ್ಕೆ ಬಂದು ಪಾಯಾ ಕೇಳಿದರೆ ಇಡೀ ಹೋಟೆಲು ತಿರುಗಿ ನೋಡುತ್ತದೆ. ಮಡಿ ಎಂಬುದು ಒಂದೇ ಜಾತಿಯ ಸೊತ್ತಲ್ಲ.

ನಾವು ಬರೆದ ಆ ಲೇಖನ ರಂಜಾನ್ ವಿಶೇಷದಲ್ಲಿ ಬರಲಿಲ್ಲ. ದೋಸೆಯ ಭಾಗ ತೆಗೆಯಲು ನಾವು ಒಪ್ಪಲಿಲ್ಲ, ಅಷ್ಟೆ. ಮುಂದಿನ ಪಟ್ಟಿ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಾರಿ ಹೇಳುತ್ತೇವೆ. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ರಸೆಲ್ ಮಾರ್ಕೆಟ್ಟಿನ ಕಡೆಗೆ ನಡೆಯಿರಿ. ಯಾರನ್ನು ಕೇಳಿದರೂ ಪಾಯಾ ಸಿಗುವ ಹೋಟೆಲು ತೋರಿಸುತ್ತಾರೆ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳುತ್ತಾರೆ. ಬೆಳಿಗ್ಗೆ ಏಳೂವರೆಯೊಳಗೆ ಹೋದರೆ ಒಳ್ಳೆಯದು, ತಡವಾದರೆ ಹಂಡೆಯ ತಳ ಕಾಣುತ್ತಿರುತ್ತದೆ. ಮಾಂಸ ತಿನ್ನದವರು ಬರಬಾರದೆಂದೇನಿಲ್ಲ. ಅವರಿಗೆ ಬನ್ನು, ಬೆಣ್ಣೆ, ಕೆನೆ ಹಾಕಿದ ಚಹಾ ಇದೆ. ರಂಜಾನ್ ತಿಂಗಳಲ್ಲಿ ಮಾತ್ರ ಹೋಗಬೇಡಿ. ಆಗ ಆ ಹೊತ್ತಿಗೆ ಬಾಗಿಲು ಹಾಕಿರುತ್ತದೆ.